ಸಣ್ಣ ವಿಮಾನದ ಎರಡು ಸೀಟು

“ಹುಬ್ಬಳ್ಳಿಗೆ ದೊಡ್ಡ ವಿಮಾನ ಅಂತಲ್ವಾ ಟಿಕೆಟ್ ಕೊಟ್ಟದ್ದು? ಈಗ ಸಣ್ಣದು ಹೋಗ್ತದೆ, ನಮಗೆ ಸೀಟಿಲ್ಲ ಅಂತ ಮೆಸೇಜ್ ಬಂದಿದೆ. ನಾಳೆ ನನ್ನ ಮಗ ವಿಶಾಲನ ನಿಶ್ಚಿತಾರ್ಥ ಉಂಟು.”

ಐರೋಲಿಯಲ್ಲಿ ವಿಮಾನ ಕಂಪನಿಯ ಕಾಲ್ ಸೆಂಟರಿನಲ್ಲಿದ್ದ ರಮಿತಾ ಆ ದನಿಯನ್ನು ಕೂಡಲೇ ಗುರುತಿಸಿದಳು. ಹೋದ ವರ್ಷ ಇದೇ ಮಗನಿಗೆ ಹೆಣ್ಣು ನೋಡಲು ಕಲ್ಯಾಣ್‌ ಊರಿನಿಂದ ಇವಳ ಮನೆಗೆ ಬಂದಿದ್ದ ನಳಿನಾಕ್ಷಿ, ರಮಿತಾ ತಂದಿಟ್ಟ ಶರಬತ್ತು ಮುಟ್ಟದೆ ಎದ್ದು, “ಫೋನ್ ಎತ್ತುವ ಹುಡುಗಿ ನಮಗೆ ಬೇಡ” ಎಂದಿದ್ದಳು.

ಯಾರೋ ರದ್ದು ಮಾಡಿದ್ದರಿಂದ ಸಣ್ಣ ವಿಮಾನದಲ್ಲಿ ಎರಡು ಸೀಟು ಆಗಷ್ಟೇ ಖಾಲಿಯಾಗಿದ್ದವು. ರಮಿತಾಳ ಬೆರಳು ಕೀಬೋರ್ಡಿನ ಮೇಲೆಯೇ ಇತ್ತು.

“ಹೇಗಾದ್ರೂ ಮಾಡಿ ಎರಡು ಸೀಟು ಕೊಡು ಮಗಾ,” ನಳಿನಾಕ್ಷಿ ಬೇಡಿಕೊಂಡಳು.

“ನನ್ನ ಕೈಯಲ್ಲಿ ಏನುಂಟು ಆಂಟಿ? ನಾನು ಫೋನ್ ಎತ್ತುವ ಹುಡುಗಿ.”

ಲೈನ್ ಕತ್ತರಿಸಿ ರಮಿತಾ ಮುಂದಿನ ಫೋನ್ ಎತ್ತಿದಳು. ಅದರಲ್ಲಿ ಕೇಳಿದವರಿಗೆ ಆ ಎರಡೂ ಸೀಟು ಕೊಟ್ಟಳು.