ವಿಶಾಲಾಕ್ಷಿ ಟೀಚರ ವರ್ಗಾವಣೆ

ಒಂಬತ್ತು ವರ್ಷ ಅರ್ಜಿ ಹಾಕಿದ ಮೇಲೆ ವಿಶಾಲಾಕ್ಷಿ ಟೀಚರಿಗೆ ಗಂಡ, ಮಗಳು ಇರುವ ಊರಿಗೆ ವರ್ಗವಾಯಿತು. ರಜೆಯಲ್ಲಿ ಹೋದಾಗಲೆಲ್ಲ ಮಗಳು ಅವರನ್ನು ನೆಂಟರನ್ನು ನೋಡುವಂತೆ ನೋಡುತ್ತಿದ್ದಳು.

ಸುದ್ದಿ ತಿಳಿದ ಹತ್ತನೆಯ ತರಗತಿಯ ಹುಡುಗಿಯರು ಸುತ್ತ ನಿಂತು ಅತ್ತರು.

"ನಮ್ಮನ್ನ ಬಿಟ್ಟು ಹೋಗಾಕ ನಿಮಗ ಮನಸೈತೇನ್ರೀ ಟೀಚರ್?" ನೀಲಗಂಗಾ ಕೇಳಿದಳು.

ಆ ಮುಖಗಳನ್ನು ನೋಡಿ ನಿಜ ಹೇಳಲು ಟೀಚರಿಗೆ ಬಾಯಿ ಬರಲಿಲ್ಲ.

"ನನಗೆಲ್ಲಿ ಮನಸ್ಸಿದೆಯಮ್ಮ? ಸರ್ಕಾರ ಕಳಿಸ್ತಿದೆ."

ಮುಂದಿನ ಎರಡು ದಿನ ಹುಡುಗಿಯರು ಶಾಲೆಗೆ ಬರಲಿಲ್ಲ. ಮೂರನೆಯ ದಿನ ಟೀಚರು ಬಾಡಿಗೆ ಕೋಣೆಯಲ್ಲಿ ಸಾಮಾನು ಕಟ್ಟುತ್ತಿದ್ದಾಗ ಎಲ್ಲರೂ ನಗುನಗುತ್ತ ಬಾಗಿಲಿಗೆ ಬಂದರು. ಕೂಗಿ ಕೂಗಿ ನೀಲಗಂಗಾಳ ದನಿ ಬಿದ್ದುಹೋಗಿತ್ತು.

"ಗಂಟು ಬಿಚ್ರೀ ಟೀಚರ್. ಜಿಲ್ಲಾ ಕಚೇರಿ ಮುಂದ ಕುಂತು ನಿಮ್ಮ ಆರ್ಡರ್ ರದ್ದು ಮಾಡಿಸಿ ಬಂದೀವ್ರೀ."