ಗೋಂದಕ್ಕನ ಹಾರುವ ತಟ್ಟೆ

ಕಾರ್ಖಾನೆಯ ಯಜಮಾನನ ಮಾನ ಕಳೆಯಲು ಗೋಂದಕ್ಕನಿಗೆ ಉಳಿದಿದ್ದು ಒಂದೇ ದಿನ. ಮೇಜಿನ ಮೇಲೆ ಹಳೆಯ ಪೇಪರು ಹಾಸಿ ಹೊಸ ಪೆಟ್ಟಿಗೆಯನ್ನು ಬ್ಲೇಡಿನಿಂದ ಸೀಳಿದಳು. ರಟ್ಟಿನ ದುಂಡು ತಟ್ಟೆ, ಅದರ ಮೇಲೆ ಕೂರುವ ಗುಮ್ಮಟದಂಥ ಮುಚ್ಚಳ, ಮದ್ದಿನ ಮೋಟಾರು ತೂರಿಸುವ ಕೊಳವೆ, ತೂಕಕ್ಕೆ ಒಂದು ಉಂಡೆ ಜೇಡಿಮಣ್ಣು, ಜೋಡಣೆಯ ಹಾಳೆ. ಪೆಟ್ಟಿಗೆಯ ಮೇಲೆ ಆಕಾಶಕ್ಕೆ ಚಿಮ್ಮುವ ಹಾರುವ ತಟ್ಟೆಯ ಚಿತ್ರ. ಅದರ ಕೆಳಗೆ ‘ವಿನ್ಯಾಸ’ ಅಂತ ದಪ್ಪಕ್ಷರದಲ್ಲಿ ಯಜಮಾನನ ಹೆಸರು.

ವಿನ್ಯಾಸವಂತೆ. ಆ ಮನುಷ್ಯನಿಗೆ ನೆಟ್ಟಗೆ ಕತ್ತರಿ ಹಿಡಿಯಲು ಬರುತ್ತಿರಲಿಲ್ಲ. ಅವನ ಮಾದರಿ ರಾಕೆಟ್ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ರಟ್ಟು ಕೊಯ್ದು, ಇಪ್ಪತ್ತು ತಟ್ಟೆ ಸುಟ್ಟು, ಇಪ್ಪತ್ತೊಂದನೆಯದನ್ನು ಹಾರಿಸಿದವಳು ಇವಳು. ಬೆರಳಲ್ಲಿ ಸದಾ ಗೋಂದು ಮೆತ್ತಿರುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಗೋಂದಕ್ಕ. ಒಂದು ದಿನ ಅವಳ ಡ್ರಾಯರಿನಲ್ಲಿದ್ದ ತಟ್ಟೆಯ ವಿನ್ಯಾಸದ ಕಾಗದಗಳು ಮಾಯವಾದವು. ಮುಂದಿನ ವಾರ ಕೆಲಸವೂ ಹೋಯಿತು. ಕೆಲಸ ಹೋಗಿದ್ದನ್ನು ಅವಳು ಹೇಗೋ ನುಂಗಿಕೊಂಡಳು. ಹೆಸರು ಹೋಗಿದ್ದು ಮಾತ್ರ ಗಂಟಲಲ್ಲೇ ಕೂತಿತ್ತು.

ಕಿಟಕಿಯ ಬಳಿ ಗುಂಡಿ ಹೊಲಿಯುತ್ತಿದ್ದ ಅತ್ತೆ ಕನ್ನಡಕದ ಮೇಲಿನಿಂದ ನೋಡಿದರು.

“ನೀನೇ ಹೆತ್ತ ಕೂಸು. ಈಗ ಹಾಳೆ ಓದ್ಕೊಂಡು ಸ್ನಾನ ಮಾಡಿಸ್ತಿದೀಯಲ್ಲೇ.”

“ಒಂದಕ್ಷರ ತಪ್ಪಬಾರದು ಅತ್ತೆ.”

ಐದನೇ ಹಂತ: ಜೇಡಿಯನ್ನು ಕೊಳವೆಯ ಸುತ್ತ, ಕೆಳಗಿನ ತಟ್ಟೆಗೆ ಒತ್ತಿ ಅಂಟಿಸಿ. ಒತ್ತಿ ಅಂಟಿಸಿದಳು. ಮುಚ್ಚಳ ಕೂರಿಸಿ, ಅಂಚಿಗೆ ಗೋಂದು ಎಳೆದು, ಬಿಸಿಲಿಗಿಟ್ಟಳು.

“ನಾಳೆ ಶಾಲೆಗಳಿಗೆ ಸಾಮಾನು ಆರಿಸೋ ಮೇಡಂ ಮುಂದೆ ಅವನ ತಟ್ಟೆ ಹಾರಿಬಿಟ್ರೆ?” ಅತ್ತೆ ಕೇಳಿದರು. “ಊರೂರಿನ ಮಕ್ಕಳೂ ಅವನ ಹೆಸರೇ ಓದ್ತವೆ.”

“ಅವನ ಕೈಯಿಂದ ಬಿಟ್ಟಿದ್ದು ನಾಳೆ ಹಾರಲ್ಲ ಬಿಡಿ.”

ಅತ್ತೆ ದಾರ ಕಚ್ಚಿ ತುಂಡರಿಸಿದರು. “ಉಪ್ಪು ತಿಂದವನು ನೀರು ಕುಡೀಲೇಬೇಕು. ನಾನೂ ಬರ್ತೀನಿ, ನೋಡ್ಬೇಕು.”

ಮರುದಿನ ಮೈದಾನದಲ್ಲಿ ಪ್ರದರ್ಶನ ಎಲ್ಲರಿಗೂ ಮುಕ್ತವಾಗಿತ್ತು. ಪೆಟ್ಟಿಗೆ ಕೊಂಡವರು ತಮ್ಮ ತಟ್ಟೆ ತರಬಹುದು ಎಂದು ಪ್ರಕಟಣೆಯಲ್ಲೇ ಇತ್ತು. ಯಜಮಾನನ ತಟ್ಟೆ ಮೇಜಿನ ಮೇಲೆ ಮಿರಮಿರನೆ ಮಿಂಚುತ್ತಿತ್ತು. ಕಾರ್ಖಾನೆಯ ಹೆಂಗಸರು ಜೋಡಿಸಿದ್ದು. ಅವರಿಗೆ ಕೈ ಹಿಡಿದು ಕಲಿಸಿದವಳೂ ಗೋಂದಕ್ಕನೇ. ಕಣ್ಣು ಮುಚ್ಚಿ ಜೋಡಿಸುತ್ತಾರೆ, ಅಚ್ಚಾದ ಹಾಳೆಯ ಮುಖ ನೋಡಿದವರಲ್ಲ.

“ಈ ಹಾಳೆಯ ಅಕ್ಷರ ಅಕ್ಷರವೂ ನಾನೇ ಬರ್ದಿದ್ದು ಮೇಡಂ,” ಯಜಮಾನ ಹೇಳುತ್ತಿದ್ದ. “ಓದೋಕೆ ಬಂದ್ರೆ ಸಾಕು, ಯಾರು ಬೇಕಾದ್ರೂ ಜೋಡಿಸ್ಬಹುದು.”

ಗೋಂದಕ್ಕ ಮೇಜಿನ ಹಿಂದೆ ಸರಿದಳು. ಕಂಕುಳಲ್ಲಿ ತಾನು ಜೋಡಿಸಿದ ತಟ್ಟೆ, ಮುಷ್ಟಿಯಲ್ಲಿ ಚೂರು ಜೇಡಿ. ಯಜಮಾನನ ತಟ್ಟೆಯನ್ನು ಮಗುಚಿ ಕೊಳವೆಗೆ ಬೆರಳಿಟ್ಟಳು.

ಮಣಿಕಟ್ಟಿನ ಮೇಲೆ ಯಜಮಾನನ ಕೈ ಬಿತ್ತು.

“ಏನ್ ತುರುಕ್ತಿದ್ದೀಯ?” ಮೇಡಂಗೆ ಕೇಳದಷ್ಟು ಮೆಲ್ಲಗೆ. “ನನಗೇ ಗುಂಡಿ ತೋಡ್ತೀಯಾ?”

ಅವಳು ಜೇಡಿಯ ಮುಷ್ಟಿಯನ್ನು ಬೆನ್ನ ಹಿಂದೆ ಮರೆಮಾಡಿದಳು. ಯಜಮಾನನಿಗೆ ನಗು ತಡೆಯಲಾಗಲಿಲ್ಲ. ತನ್ನದನ್ನು ಇವಳು ಕೆಡಿಸಿದರೇನು, ಇವಳದೇ ಇದೆಯಲ್ಲ. ಅವಳ ಕಂಕುಳಲ್ಲಿದ್ದ ತಟ್ಟೆಯನ್ನು ಸೆಳೆದುಕೊಂಡ.

“ಬೇಡಿ ಯಜಮಾನ್ರೇ, ಅದು ನಂದು.”

“ಮೇಡಂ, ಇವರು ನಮ್ಮ ಹಳೇ ಕೆಲಸದವರು,” ಯಜಮಾನ ದನಿ ಏರಿಸಿದ. “ನಮ್ಮ ಪೆಟ್ಟಿಗೆ ಕೊಂಡು ಮನೇಲಿ ಜೋಡಿಸಿ ತಂದಿದ್ದಾರೆ. ಇದನ್ನೇ ಹಾರಿಸ್ತೀನಿ. ಹಾಳೆ ನೋಡಿ ಯಾರು ಜೋಡಿಸಿದ್ರೂ ಒಂದೇ ಅನ್ನೋದು ನಿಮ್ಮ ಕಣ್ಣಿಗೇ ಕಾಣ್ಲಿ. ಹಾಳೆ ನೋಡೇ ಮಾಡಿದ್ದಲ್ವೇನಮ್ಮಾ?”

“ಒಂದಕ್ಷರ ತಪ್ಪಿಲ್ಲ,” ಎಂದಳು ಗೋಂದಕ್ಕ ತಲೆ ತಗ್ಗಿಸಿ. ಅತ್ತೆ ಹಣೆ ಚಚ್ಚಿಕೊಂಡರು.

ಯಜಮಾನ ತಟ್ಟೆಗೆ ಮೋಟಾರು ತೂರಿಸಿ, ಉಡಾವಣೆಯ ಸರಳಿಗೆ ಪೋಣಿಸಿ, ತಂತಿ ಸಿಕ್ಕಿಸಿ, ಹಿಂದೆ ಸರಿದು ಗುಂಡಿ ಒತ್ತಿದ. ತಟ್ಟೆ ಬುಸ್ಸೆಂದು ಎರಡಾಳೆತ್ತರ ಎದ್ದಿತು. ಅಲ್ಲೇ ಮಗುಚಿತು. ಎರಡು ಲಾಗ ಹಾಕಿ, ಹೊಗೆ ಕಾರುತ್ತಾ ನೆಲಕ್ಕಿಳಿದು, ಹಾರಿಸಿದವನನ್ನೇ ಅಟ್ಟಿಸಿಕೊಂಡು ಬಂತು. ಯಜಮಾನ ಮೇಜಿನ ಕೆಳಗೆ ನುಸುಳಿದ. ಮೊದಲು ನಕ್ಕವರು ಅತ್ತೆ.

“ಇವಳು ಕೆಡಿಸಿದ್ದಾಳೆ ಮೇಡಂ. ನನ್ನ ತಟ್ಟೆಗೂ ಏನೋ ತುರುಕಿದ್ದಾಳೆ.” ಯಜಮಾನ ಮೇಜಿನ ಕೆಳಗಿನಿಂದಲೇ ಕೂಗಿದ.

“ಹಾಗಾದ್ರೆ ಅದನ್ನೂ ನೋಡೇಬಿಡೋಣ,” ಎಂದರು ಮೇಡಂ. “ನೀವೇ ಹಾರಿಸಿ ಅಮ್ಮಾ.”

ಗೋಂದಕ್ಕ ಹಾರಿಸಿದಳು. ಅದು ಗೆರೆ ಎಳೆದ ಹಾಗೆ ನೆಟ್ಟಗೆ ಏರಿತು. ಮೇಲೆ ಅರೆಗಳಿಗೆ ನಿಂತು, ಸಾವಕಾಶವಾಗಿ ತೇಲಿ ಹುಲ್ಲಿನ ಮೇಲೆ ಕೂತಿತು.

ಮೇಡಂ ಎರಡೂ ತಟ್ಟೆಯ ಮುಚ್ಚಳ ಕೊಯ್ಯಿಸಿದರು. ಹಾರಿದ್ದರಲ್ಲಿ ಜೇಡಿ ಮುಚ್ಚಳದ ನೆತ್ತಿಯಲ್ಲಿತ್ತು. ಬಿದ್ದದ್ದರಲ್ಲಿ ಕೆಳಗಿನ ತಟ್ಟೆಯಲ್ಲಿತ್ತು. ಅವರು ಹಾಳೆ ಬಿಡಿಸಿ ಐದನೇ ಹಂತ ಓದಿದರು.

“ಇವರು ನೀವು ಬರೆದ ಹಾಗೇ ಮಾಡಿದ್ದಾರಲ್ಲ. ಬರೆದ ಹಾಗೆ ಮಾಡದೇ ಇರೋದು ನಿಮ್ಮ ಕಾರ್ಖಾನೆಯವರು. ಈ ಹಾಳೆ ನಂಬಿ ಜೋಡಿಸೋ ಪ್ರತಿ ಮಗುವಿನ ತಟ್ಟೆಯೂ ಹೀಗೇ ಮಗುಚತ್ತೆ.”

ಯಜಮಾನನ ಕುತ್ತಿಗೆ ಕೆಂಪೇರಿತು. “ಅದನ್ನ ನಾನು ಬರ್ದಿಲ್ಲ ಮೇಡಂ. ಬರ್ದವಳು ಅವಳು. ತಪ್ಪು ಅವಳದು.”

ಹೇಳಿದ ಮೇಲೆ ಬಾಯಿಗೆ ಕೈ ಅಡ್ಡ ಹಿಡಿದು ಏನು ಪ್ರಯೋಜನ. ಮೇಡಂ ಪೆಟ್ಟಿಗೆ ತಿರುಗಿಸಿ, ವಿನ್ಯಾಸಕಾರನ ಹೆಸರನ್ನು ಇನ್ನೊಮ್ಮೆ ಓದಿ, ಅವನ ಮುಖ ನೋಡಿದರು.

“ಹೌದು ಮೇಡಂ, ನಂದೇ ತಪ್ಪು. ಅದು ಕರಡು,” ಎಂದಳು ಗೋಂದಕ್ಕ. “ಭಾರ ನೆತ್ತಿಗೆ ಹೋಗ್ಬೇಕು ಅನ್ನೋದು ಆಮೇಲೆ ಗೊತ್ತಾಯ್ತು. ಹೆಂಗಸರಿಗೆ ಬಾಯಲ್ಲಿ ಹೇಳ್ಕೊಟ್ಟೆ. ಹಾಳೆ ತಿದ್ದೋಣ ಅಂತ ಡ್ರಾಯರ್ ತೆಗೆದ್ರೆ ಅದು ಖಾಲಿ.”

ಮೇಡಂ ಪುಸ್ತಕ ತೆರೆದು ಅವಳ ಪೂರ್ತಿ ಹೆಸರು ಕೇಳಿ ಬರೆದುಕೊಂಡರು. ಎಷ್ಟೋ ದಿನದ ಮೇಲೆ ಗೋಂದಕ್ಕನಿಗೆ ಹೊಟ್ಟೆ ತಣ್ಣಗಾಯಿತು.

ಮೈದಾನ ದಾಟುವಾಗ ಅತ್ತೆ ಅವಳ ತೋಳು ಹಿಡಿದರು. “ಅಲ್ಲ ಕಣೇ, ಅವನ ತಟ್ಟೆಗೆ ಅದೇನು ತುರುಕಿದ್ದೆ? ಅದು ಕೆಡಲೇ ಇಲ್ಲವಲ್ಲ.”

“ಏನೂ ತುರುಕಲಿಲ್ಲ ಅತ್ತೆ. ಅವನು ಈ ಕಡೆ ತಿರುಗಿ ನೋಡೋವರೆಗೂ ಸುಮ್ಮನೆ ಬೆರಳಿಟ್ಕೊಂಡು ನಿಂತಿದ್ದೆ. ನನ್ನ ಕೈಲಿರೋದನ್ನ ಕಿತ್ಕೊಳ್ಳೋದು ಅವನ ಹಳೇ ಚಾಳಿ.”