ನಿಲ್ಲದ ಬೆಕ್ಕು

ರೊಟ್ಟಿ ಹೆಂಚಿನ ಮೇಲಿತ್ತು, ಸುಧಾಮಣಿಯ ಎರಡೂ ಕೈ ರಾಗಿ ಹಿಟ್ಟಿನಲ್ಲಿದ್ದವು. ಅಷ್ಟರಲ್ಲಿ ಮಗಳು ನಯನಾ ನೋಟ್‌ಬುಕ್ ತಂದು ಅವಳ ಮುಖದ ಮುಂದೆ ಹಿಡಿದಳು.

"ಅಮ್ಮ, ಇದೊಂದ್ಸಲ ನೋಡು. ಇವತ್ತು ಕಂಪ್ಯೂಟರ್ ಕ್ಲಾಸಲ್ಲಿ ಟೈಪ್ ಮಾಡ್ಬೇಕು."

"ಎಂಟೂಕಾಲಿಗೆ ಬಸ್ಸು ಕಣೆ ಕಂದ. ನೀನೇ ಓದು, ಕೇಳಿಸ್ಕೋತೀನಿ."

ಮನೆಯಲ್ಲಿ ದಿನಾ ನಡೆಯುವ ಒಂದು ಕೆಲಸವನ್ನು ಕಂಪ್ಯೂಟರ್ ಪರದೆಯ ಬೆಕ್ಕಿನ ಗೊಂಬೆ ಮಾಡುವಂತೆ ಪ್ರೋಗ್ರಾಂ ಬರೆದು ತನ್ನಿ ಎಂದಿದ್ದರಂತೆ ಭಾನು ಮಿಸ್. ನಯನಾ ಓದಿದಳು. "ಒಂದು, ಬೆಕ್ಕು ಗ್ಯಾಸಿನ ಹತ್ರ ಹೋಗ್ಬೇಕು. ಎರಡು, ನಾಬ್ ತಿರುಗಿಸಿ ನೋಡ್ಬೇಕು. ಮೂರು, ಆಫ್ ಆಗಿದ್ರೆ ಬಾಗಿಲ ತನಕ ಬರ್ಬೇಕು. ನಾಲ್ಕು, ಮತ್ತೆ ಒಂದಕ್ಕೆ ಹೋಗ್ಬೇಕು."

ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ಕರಿಬಸಮ್ಮ ನಕ್ಕುಬಿಟ್ಟರು. "ಬೆಕ್ಕು ಆಲಿನ ಪಾತ್ರೆ ನೋಡ್ತದೆ ಕಣಮ್ಮಿ, ಗ್ಯಾಸ್ ಯಾಕ್ ನೋಡೀತು?"

ಸುಧಾಮಣಿಗೆ ನಗು ಬರಲಿಲ್ಲ. "ಆಫ್ ಆಗಿದ್ದು ನೋಡಿದ್ಮೇಲೂ ಯಾಕೆ ಮತ್ತೆ ಹೋಗ್ತದೆ?" ಎಂದಳು, ರೊಟ್ಟಿಯಿಂದ ಕಣ್ಣು ಕೀಳದೆ.

"ಲೂಪ್ ಅಂತಾರೆ ಅದಕ್ಕೆ. ಎಲ್ಲಿ ನಿಲ್ಬೇಕು ಅಂತ ಬರೀದಿದ್ರೆ ಸುತ್ತುತಾನೇ ಇರ್ತದಂತೆ. ಅದರ ತಪ್ಪಲ್ವಂತೆ." ನಯನಾ ದನಿ ತಗ್ಗಿಸಿದಳು. "ನಿನ್ನ ಹೆಸ್ರು ಬರ್ದಿಲ್ಲಮ್ಮ. ಬೆಕ್ಕು ಅಂತಲೇ ಹಾಕಿದೀನಿ."

ರೊಟ್ಟಿ ಸೀದ ವಾಸನೆ ಬಂತು.

ಹೋದ ಮಂಗಳವಾರ ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ತನಕ ಹೋದವಳು, ಗ್ಯಾಸು ನೆನಪಾಗಿ ಮನೆಗೆ ಓಡಿ ಬಂದು ಬಸ್ಸು ತಪ್ಪಿಸಿಕೊಂಡಿದ್ದಳು. ಗ್ಯಾಸು ಆಫ್ ಆಗಿಯೇ ಇತ್ತು. ಅದು ತಲೆಗೆ ಗೊತ್ತು, ಕಾಲಿಗೆ ಗೊತ್ತಿಲ್ಲ. ಹಗಲೆಲ್ಲ ಮನೆಯಲ್ಲಿ ಅತ್ತೆ ಒಬ್ಬರೇ; ಎಲ್ಲಾದರೂ ಸೋರಿಬಿಟ್ಟರೆ? ಇದನ್ನು ಹೇಳಿಕೊಳ್ಳಲೆಂದೇ ಅವಳು ಚಾಮರಾಜನಗರದ ಮನಸ್ಸಿನ ಡಾಕ್ಟರ ಹತ್ತಿರ ಹೊರಟಿದ್ದು. ಇವತ್ತೂ ಹೋಗದಿದ್ದರೆ ಇನ್ನೊಂದು ತಿಂಗಳು ಕಾಯಬೇಕು. ಮನೆಯಲ್ಲಿ ಮಾತ್ರ ಉಡಿಗಾಲದಲ್ಲಿರುವ ಅಕ್ಕನ ಮನೆಗೆ ಎಂದು ಹೇಳಿದ್ದಳು. ಹುಚ್ಚಿನ ಡಾಕ್ಟರು ಎಂಬ ಮಾತು ಅತ್ತೆಯ ಬಾಯಲ್ಲಿ ಬಂದರೆ ತಡೆದುಕೊಳ್ಳುವ ಶಕ್ತಿ ಅವಳಿಗಿರಲಿಲ್ಲ.

ಸೀರೆ ಬದಲಿಸಿ ಬಾಗಿಲಿಗೆ ಬಂದಳು. ನಯನಾ ಹಿಂದೆಯೇ ಬಂದಳು. "ಅಮ್ಮ, ನಿಜವಾಗ್ಲೂ ಎಲ್ಲಿ—"

"ಬುಡ್ತು ಅನ್ನು!" ಕರಿಬಸಮ್ಮ ಗದರಿದರು. "ಒಸ್ಲು ದಾಟೋರ್ನ ಎಲ್ಲಿಗೆ ಅಂತ ಕೇಳ್ಬಾರ್ದು ಕಣಮ್ಮಿ. ಕೇಳ್ಬುಟ್ರೆ ಜಗಲಿ ಮ್ಯಾಲೆ ಕೂತು, ನೀರು ಕುಡ್ಕೊಂಡು, ಮತ್ತೆ ಒಳಕ್ಕೆ ಬರ್ದಂಗೆ ಓಗ್ಬೇಕು. ಇಲ್ದಿದ್ರೆ ಓದ ಕೆಲ್ಸ ಆಗಕಿಲ್ಲ."

ನಯನಾ "ಬಿಡ್ತು" ಎಂದಳು. ಸುಧಾಮಣಿಗೆ ಉಸಿರು ಬಂದಂತಾಯಿತು. ಎರಡು ವಾರದಿಂದ ಅತ್ತೆಯ ಈ ಶಾಸ್ತ್ರವೇ ಅವಳನ್ನು ಪ್ರಶ್ನೆಗಳಿಂದ ಕಾಪಾಡುತ್ತಿತ್ತು.

ಹೊರಡುವ ಮುಂಚೆ ಗ್ಯಾಸು ನೋಡಿದಳು. ಜಗಲಿ ಇಳಿದವಳು ಹಿಂದಿರುಗಿ ಬಂದು ಮತ್ತೆ ನೋಡಿದಳು. ಗೇಟು ದಾಟಿದವಳು, "ಛತ್ರಿ ಮರೆತೆ" ಎನ್ನುತ್ತ ಮತ್ತೆ ಒಳಗೆ ಹೋದಳು. ಛತ್ರಿ ತರಲೇ ಇಲ್ಲ.

"ಇದೇನವ್ವ ಸುಧಾ, ಗಾಣದ ಎತ್ತಾಗ್ಬುಟ್ಟೆ!" ಎಂದರು ಕರಿಬಸಮ್ಮ.

ಬೀದಿಯ ತಿರುವಿಗೆ ಬಂದಾಗ ಗಂಟೆ ಎಂಟಾಗಿತ್ತು. ಬಸ್ ಸ್ಟ್ಯಾಂಡಿಗೆ ಐದು ನಿಮಿಷದ ದಾರಿ. ನಾಬ್ ತಿರುಗಿಸಿ ನೋಡುವಾಗ ಕೈ ತಾಗಿ ಮತ್ತೆ ಆನ್ ಆಗಿದ್ದರೆ? ಬೇಡ, ಹೋಗು, ಎಂದಿತು ಮನಸ್ಸು. ಕಾಲು ಆಗಲೇ ಮನೆಯ ಕಡೆ ತಿರುಗಿತ್ತು.

ಬಾಗಿಲಿಗೆ ಅಡ್ಡಲಾಗಿ ನಯನಾ ನಿಂತಿದ್ದಳು. ಬೆನ್ನ ಮೇಲೆ ಶಾಲೆಯ ಬ್ಯಾಗು.

"ದಾರಿ ಬಿಡು ಕಂದ, ಒಂದೇ ಒಂದ್ಸಲ."

ನಯನಾ ಅಲುಗಾಡಲಿಲ್ಲ. ಒಳಗೆ ಕೂತಿದ್ದ ಅಜ್ಜಿಯ ಕಡೆ ನೋಡಿದಳು, ಅಮ್ಮನ ಕಡೆ ನೋಡಿದಳು. ಹಿಂದೆ ಅಡಗಿಸಿಕೊಂಡಿದ್ದ ಕೈಯನ್ನು ಮುಂದೆ ತಂದಳು. ಕೈಯಲ್ಲಿ ತುಂಬಿದ ನೀರಿನ ಲೋಟವಿತ್ತು. ಅದನ್ನು ತುಳುಕದಂತೆ ಜಗಲಿಯ ಮೇಲಿಟ್ಟು, ಅಜ್ಜಿಗೂ ಕೇಳುವ ಹಾಗೆ ಕೇಳಿದಳು:

"ಅಮ್ಮ, ಎಲ್ಲಿಗೆ ಹೋಗ್ತಿದ್ದೀಯ?"